ಮೊದಲು ಸಂಗೀತ, ಆಮೇಲೆ ರೇಖೆ: ಹಳೆಯ ಕಾರ್ಟೂನುಗಳಲ್ಲಿ ಲಿಸ್ಟ್, ರೊಸ್ಸಿನಿ, ವಾಗ್ನರ್

ಕರಿಯ ಕೋಟು, ಬಿಳಿಯ ಟೈ ತೊಟ್ಟ ಬೆಕ್ಕೊಂದು ಗಂಭೀರವಾಗಿ ವೇದಿಕೆಗೆ ನಡೆದುಬಂದು, ಪಿಯಾನೊದ ಮುಂದೆ ಕೂತು, ಕೈ ಒರೆಸಿಕೊಂಡು ನುಡಿಸತೊಡಗುತ್ತದೆ. ಅದೇ ಪಿಯಾನೊದ ಒಳಗೆ, ತಂತಿಗಳನ್ನು ಬಡಿಯುವ ಪುಟ್ಟ ಸುತ್ತಿಗೆಗಳ ಮೇಲೆ, ಇಲಿಯೊಂದು ಹಾಯಾಗಿ ಮಲಗಿದೆ. ಅಲ್ಲಿಂದ ಮುಂದೆ ಏಳೆಂಟು ನಿಮಿಷ ಒಂದೇ ಒಂದು ಮಾತಿಲ್ಲ. ಜಗಳ, ಸೇಡು, ಜಂಬ, ಸೋಲು ಎಲ್ಲವೂ ಫ್ರಾನ್ಜ್ ಲಿಸ್ಟ್ ಬರೆದ ‘ಹಂಗೇರಿಯನ್ ರ್‍ಯಾಪ್ಸಡಿ’ಗಳಲ್ಲಿ ಎರಡನೆಯದರ ಮೇಲೆಯೇ ನಡೆದುಹೋಗುತ್ತವೆ. ಇದು 1947ರಲ್ಲಿ ತೆರೆಕಂಡ ‘ದಿ ಕ್ಯಾಟ್ ಕನ್ಸರ್ಟೊ’. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯ ಜೊತೆಗೆ ಟಾಮ್ ಮತ್ತು ಜೆರ್ರಿ ನಮ್ಮ ಮನೆಗಳಿಗೂ ಬಂದಾಗ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಂಧಗಾಳಿ ಇಲ್ಲದ ಎಷ್ಟೋ ಮಕ್ಕಳ ಕಿವಿಗೆ ಲಿಸ್ಟ್ ಬಿದ್ದದ್ದು ಹೀಗೆಯೇ. ಹೆಸರು ಗೊತ್ತಿರಲಿಲ್ಲ, ಆದರೆ ಆ ಓಟ ಮನಸ್ಸಿನಲ್ಲಿ ಉಳಿಯಿತು.

ಚಿತ್ರವನ್ನು ಮೊದಲು ಬರೆದು, ಆಮೇಲೆ ಅದಕ್ಕೊಪ್ಪುವ ಸಂಗೀತವನ್ನು ಹಿನ್ನೆಲೆಗೆ ಹಾಕಿರಬೇಕು ಎಂದೇ ಇಂಥವನ್ನು ನೋಡಿದವರು ಅಂದುಕೊಳ್ಳುತ್ತಾರೆ. ಈ ಬಗೆಯ ಸಂಗೀತಪ್ರಧಾನ ಕಾರ್ಟೂನುಗಳಲ್ಲಿ ನಡೆದದ್ದು ಅದರ ತಿರುವುಮುರುವು. ಸಂಗೀತವೇ ಮೊದಲು ನಿಗದಿಯಾಗುತ್ತಿತ್ತು; ಬೆಕ್ಕಿನ ಬೆರಳು, ಇಲಿಯ ನೆಗೆತ, ಕೊನೆಗೆ ರೆಪ್ಪೆ ಮಿಟುಕಿಸುವುದು ಸಹ ಆ ಸಂಗೀತದ ಲೆಕ್ಕಕ್ಕೆ ಸರಿಯಾಗಿ ಚಿತ್ರಿತವಾಗುತ್ತಿತ್ತು. ಇಲ್ಲಿ ಸಂಗೀತ ಹಿನ್ನೆಲೆಯಲ್ಲ, ಅದೇ ಚಿತ್ರಕಥೆ. ಈ ಒಂದು ಮಾತನ್ನು ಹಿಡಿದುಕೊಂಡರೆ 1930ರಿಂದ 1950ರ ದಶಕದವರೆಗಿನ ಅಮೆರಿಕದ ಕಾರ್ಟೂನುಗಳು ಬೇರೆಯೇ ಆಗಿ ಕಾಣತೊಡಗುತ್ತವೆ, ಅದಕ್ಕಿಂತ ಹೆಚ್ಚಾಗಿ ಕೇಳತೊಡಗುತ್ತವೆ.

ಮೂಕಿ ಚಿತ್ರಗಳ ಮುಂದೆ ಕೂತಿದ್ದವರು

ಶಾಸ್ತ್ರೀಯ ಸಂಗೀತ ಕಾರ್ಟೂನಿಗೆ ಬಂದದ್ದು ಸಂಗೀತ ಸಭೆಗಳಿಂದಲ್ಲ, ಮೂಕಿ ಚಿತ್ರಮಂದಿರಗಳಿಂದ. ಆಗ ಪ್ರತಿ ಚಿತ್ರಮಂದಿರದಲ್ಲೂ ಪರದೆಯ ಮುಂದೆ ಒಬ್ಬ ಪಿಯಾನೊ ಅಥವಾ ಆರ್ಗನ್ ವಾದಕ ಕೂತಿರುತ್ತಿದ್ದ. ದೊಡ್ಡ ಊರಾದರೆ ಒಂದು ವಾದ್ಯವೃಂದವೇ ಇರುತ್ತಿತ್ತು. ವಾರವಾರ ಬದಲಾಗುವ ಚಿತ್ರಗಳಿಗೆಲ್ಲ ಹೊಸ ಸಂಗೀತ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಹೀಗಾಗಿ ವಾದಕರು ಕೈಗೆ ಸಿಕ್ಕ ಹಳೆಯ ಕೃತಿಗಳನ್ನು ಭಾವಕ್ಕೆ ತಕ್ಕಂತೆ ವಿಂಗಡಿಸಿಕೊಂಡಿದ್ದರು. 1924ರಲ್ಲಿ ಎರ್ನೊ ರಾಪೆ ಎಂಬ ಸಂಗೀತ ನಿರ್ದೇಶಕ ಪ್ರಕಟಿಸಿದ ದಪ್ಪನೆಯ ಸಂಗ್ರಹವೊಂದರಲ್ಲಿ 52 ಭಾವ ಮತ್ತು ಸನ್ನಿವೇಶಗಳಿಗೆ ಹೊಂದುವ ಸಂಗೀತವಿತ್ತು. ಪುಟದ ಅಂಚಿನಲ್ಲೇ ಸೂಚಿ ಅಚ್ಚಾಗಿದ್ದರಿಂದ, ಪರದೆಯ ಮೇಲೆ ಬಿರುಗಾಳಿ ಎದ್ದ ಕೂಡಲೇ ವಾದಕ ಬೇಕಾದ ಪುಟಕ್ಕೆ ಹಾರಬಹುದಿತ್ತು.

ಈ ರೂಢಿಯಿಂದ ಒಂದು ಸಾರ್ವಜನಿಕ ಸಂಕೇತಕೋಶವೇ ಹುಟ್ಟಿಕೊಂಡಿತು. ಬಿರುಗಾಳಿ ಎಂದರೆ ರೊಸ್ಸಿನಿಯ ‘ವಿಲಿಯಂ ಟೆಲ್’ ಒಪೆರಾದ ಆರಂಭದಲ್ಲಿ ನುಡಿಸುವ ವಾದ್ಯಸಂಗೀತವಾದ ಓವರ್ಚರ್‌ನ ನಡುವಿನ ಭಾಗ. ಕುದುರೆಯೋಟ ಎಂದರೆ ಅದರದೇ ಕೊನೆಯ ಭಾಗ. ಬೆಳಗಾಯಿತು ಎಂದರೆ ಅದರದೇ ಕೊಳಲು ಮತ್ತು ಇಂಗ್ಲಿಷ್ ಹಾರ್ನ್‌ಗಳ ಸಂವಾದ, ಇಲ್ಲವೆ ಗ್ರೀಗ್‌ನ ‘ಮಾರ್ನಿಂಗ್ ಮೂಡ್’. ಖಳನ ಪ್ರವೇಶಕ್ಕೆ ಶೂಬರ್ಟ್‌ನ ‘ಎರ್ಲ್‌ಕೋನಿಗ್’, ಹೂವರಳುವ ವಸಂತಕ್ಕೆ ಮೆಂಡೆಲ್‌ಸನ್‌ನ ‘ಸ್ಪ್ರಿಂಗ್ ಸಾಂಗ್’, ಸಾವಿಗೆ ಶೋಪಾನ್‌ನ ಶವಯಾತ್ರೆಯ ಸಂಗೀತ. ಅಮೆರಿಕದ ಸಾಮಾನ್ಯ ಪ್ರೇಕ್ಷಕನಿಗೆ ಈ ರಚನಕಾರರ ಹೆಸರು ಗೊತ್ತಿತ್ತೋ ಇಲ್ಲವೋ, ಆದರೆ ಮೊದಲ ನಾಲ್ಕು ಸ್ವರ ಕೇಳಿದೊಡನೆ ಏನಾಗಲಿದೆ ಎಂಬುದು ಅವನಿಗೆ ಗೊತ್ತಾಗುತ್ತಿತ್ತು. ನಿರೀಕ್ಷೆಯನ್ನು ಕಟ್ಟಿ, ಅದನ್ನು ಮುರಿದು ನಗಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ?

ಇನ್ನೊಂದು ಕಾರಣ ಶುದ್ಧ ವ್ಯವಹಾರದ್ದು. 1909ರ ಅಮೆರಿಕದ ಕಾನೂನಿನ ಪ್ರಕಾರ ಕೃತಿಸ್ವಾಮ್ಯ ಪ್ರಕಟಣೆಯಿಂದ 28 ವರ್ಷ, ನವೀಕರಿಸಿದರೆ ಮತ್ತೆ 28 ವರ್ಷ ಮಾತ್ರ ಇರುತ್ತಿತ್ತು. 1868ರಲ್ಲಿ ತೀರಿಕೊಂಡ ರೊಸ್ಸಿನಿ, 1883ರಲ್ಲಿ ತೀರಿಕೊಂಡ ವಾಗ್ನರ್, 1886ರಲ್ಲಿ ತೀರಿಕೊಂಡ ಲಿಸ್ಟ್ ಮೂವರ ಸಂಗೀತಕ್ಕೂ ಸ್ಟುಡಿಯೊಗಳು ಬಿಡಿಗಾಸು ಕೊಡಬೇಕಾಗಿರಲಿಲ್ಲ. ಆದರೆ ಉಚಿತವಾಗಿ ಸಿಕ್ಕಿತೆಂಬುದಷ್ಟೇ ಕಾರಣವಾಗಿದ್ದರೆ ಈ ಚಿತ್ರಗಳಿಗೆ ಇಷ್ಟು ಆಯುಷ್ಯ ಇರುತ್ತಿರಲಿಲ್ಲ.

ಕಾರ್ಲ್ ಸ್ಟಾಲಿಂಗ್ ಈ ಮೂಕಿ ಪರಂಪರೆಯಿಂದಲೇ ಬಂದವರು. 1891ರಲ್ಲಿ ಮಿಸ್ಸೂರಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಹುಟ್ಟಿ, ಕಾನ್ಸಾಸ್ ಸಿಟಿಯ ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತ, ವಾದ್ಯವೃಂದ ನಡೆಸುತ್ತ ಇದ್ದವರು. ಅಲ್ಲಿಯೇ ಅವರಿಗೆ ವಾಲ್ಟ್ ಡಿಸ್ನಿ ಎಂಬ ತರುಣನ ಪರಿಚಯವಾಯಿತು. 1928ರ ನವೆಂಬರ್‌ನಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ಸದ್ದು ಮಾಡಿದ ಮೇಲೆ ಡಿಸ್ನಿ ಸ್ಟಾಲಿಂಗ್‌ರನ್ನು ಕರೆಸಿಕೊಂಡರು. ಕೂಡಲೇ ಇಬ್ಬರ ನಡುವೆ ವಾದ ಶುರುವಾಯಿತು. ಮಿಕ್ಕಿ ಮೌಸ್ ಎಡವಿದರೆ ಸಂಗೀತವೂ ಎಡವಬೇಕು ಎಂಬುದು ಡಿಸ್ನಿಯ ಹಟ. ಒಳ್ಳೆಯ ಸಂಗೀತ ತನ್ನ ಪಾಡಿಗೆ ಸಾಗಲಿ, ಚಿತ್ರವೇ ಅದಕ್ಕೆ ಹೊಂದಿಕೊಳ್ಳಲಿ ಎಂಬುದು ಸ್ಟಾಲಿಂಗ್‌ರ ವಾದ. ಕೊನೆಗೆ ರಾಜಿಯಾಯಿತು: ಮಿಕ್ಕಿಯ ಚಿತ್ರಗಳಲ್ಲಿ ಸಂಗೀತ ಚಿತ್ರವನ್ನು ಹಿಂಬಾಲಿಸುವುದು, ಬೇರೆಯೇ ಒಂದು ಸರಣಿಯಲ್ಲಿ ಚಿತ್ರ ಸಂಗೀತವನ್ನು ಹಿಂಬಾಲಿಸುವುದು. ಆ ಎರಡನೆಯ ಸರಣಿಯೇ ‘ಸಿಲ್ಲಿ ಸಿಂಫನಿ’. 1929ರ ‘ದಿ ಸ್ಕೆಲಿಟನ್ ಡ್ಯಾನ್ಸ್’ ಅದರ ಮೊದಲ ಚಿತ್ರ. ಸ್ಮಶಾನದಲ್ಲಿ ಅಸ್ಥಿಪಂಜರಗಳು ಕುಣಿಯುತ್ತವೆ. ಒಂದು ಇನ್ನೊಂದರ ಬೆನ್ನೆಲುಬನ್ನೇ ಕ್ಸೈಲೊಫೋನ್ ಮಾಡಿಕೊಂಡು ಬಡಿಯುತ್ತದೆ. ಅದರಲ್ಲಿ ಕೇಳುವುದು ಸೇಂಟ್-ಸಾನ್ಸ್‌ನ ‘ದಾನ್ಸ್ ಮಕಾಬ್ರ್’ ಎಂದು ಎಷ್ಟೋ ಕಡೆ ಬರೆದಿದ್ದಾರೆ. ಅದು ತಪ್ಪು. ಗ್ರೀಗ್‌ನ ‘ಮಾರ್ಚ್ ಆಫ್ ದ ಟ್ರೋಲ್ಸ್’ ಅನ್ನು ಸ್ಟಾಲಿಂಗ್ ತಮ್ಮದೇ ಸಂಗೀತದೊಂದಿಗೆ ಹೆಣೆದಿದ್ದಾರೆ.

ಫ್ರೇಮು ಮತ್ತು ಮಾತ್ರೆಯ ಲೆಕ್ಕ

ಇದೆಲ್ಲ ಕೈಗೂಡಿದ್ದು ಒಂದು ಸರಳ ಗಣಿತದಿಂದ. ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮುಗಳಂತೆ ಓಡುತ್ತದೆ, ಅದು ಬದಲಾಗುವುದಿಲ್ಲ. ಸಂಗೀತದ ಒಂದು ಮಾತ್ರೆ 12 ಫ್ರೇಮಿಗೊಮ್ಮೆ ಬಿದ್ದರೆ ಸೆಕೆಂಡಿಗೆ ಎರಡು, ನಿಮಿಷಕ್ಕೆ 120 ಮಾತ್ರೆಗಳಾದವು. ಇದು ಚುರುಕಾದ ನಡಿಗೆಯ ವೇಗ. 16 ಫ್ರೇಮಿಗೊಮ್ಮೆ ಎಂದರೆ ನಿಮಿಷಕ್ಕೆ 90, ಕಳ್ಳಹೆಜ್ಜೆಗೆ ತಕ್ಕದ್ದು. 8 ಫ್ರೇಮಿಗೊಮ್ಮೆ ಎಂದರೆ 180, ಅಟ್ಟಿಸಿಕೊಂಡು ಓಡುವ ಓಟ. ಆರೂವರೆ ನಿಮಿಷದ ಒಂದು ಕಾರ್ಟೂನಿನಲ್ಲಿ 9,360 ಫ್ರೇಮುಗಳಿರುತ್ತವೆ. ನಿರ್ದೇಶಕ ಮತ್ತು ಸಂಗೀತ ಸಂಯೋಜಕ ಒಟ್ಟಿಗೆ ಕೂತು, ಎಷ್ಟನೆಯ ಫ್ರೇಮಿನಲ್ಲಿ ಬಾಗಿಲು ಬಡಿಯಬೇಕು, ಎಷ್ಟನೆಯದರಲ್ಲಿ ಬಾಣಲೆ ತಲೆಗೆ ತಾಗಬೇಕು ಎಂದು ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು. ಆ ಹಾಳೆಯನ್ನು ಎದುರಿಗಿಟ್ಟುಕೊಂಡೇ ಚಿತ್ರಕಾರ ಬರೆಯುತ್ತಿದ್ದ.

ನುಡಿಸುವವರು ಈ ಲೆಕ್ಕ ತಪ್ಪಬಾರದಲ್ಲ? ಅದಕ್ಕೆ ಸ್ಟಾಲಿಂಗ್ ಕಂಡುಕೊಂಡ ದಾರಿ ‘ಟಿಕ್’ ಪದ್ಧತಿ. ಎಂಟು, ಹತ್ತು ಅಥವಾ ಹನ್ನೆರಡು ಫ್ರೇಮಿಗೊಮ್ಮೆ ಟಿಕ್ ಎನ್ನುವ ಸದ್ದನ್ನು ಮೊದಲೇ ಮುದ್ರಿಸಿಟ್ಟು, ಪ್ರತಿ ವಾದಕನ ಒಂದು ಕಿವಿಗೆ ಇಯರ್‌ಫೋನ್‌ನಲ್ಲಿ ಕೇಳಿಸುವುದು. ಪರದೆ ಕಾಣದಿದ್ದರೂ ಲಯ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಇಂದು ಜಗತ್ತಿನ ಎಲ್ಲ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ‘ಕ್ಲಿಕ್ ಟ್ರ್ಯಾಕ್’ ಎಂದು ಬಳಸುವ ಪದ್ಧತಿಯ ಮೊದಲ ರೂಪಗಳಲ್ಲಿ ಇದೂ ಒಂದು.

ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆಯನ್ನು ಕಣ್ಣಲ್ಲೇ ಹಿಡಿದು ಚೆಂಡೆಯವರು ಪೆಟ್ಟು ಕೊಡುವುದನ್ನು ನೋಡಿದವರಿಗೆ ಈ ಹೊಂದಾಣಿಕೆಯ ರುಚಿ ಗೊತ್ತು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಕಲಾವಿದರು ಆ ಕ್ಷಣದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಮಾಡುವುದನ್ನು, ಇಲ್ಲಿ ಚಿತ್ರಕಾರರೂ ವಾದಕರೂ ತಿಂಗಳುಗಳ ಅಂತರದಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಕೇವಲ ಸಂಖ್ಯೆಗಳ ಮೂಲಕ ಮಾಡಿದರು.

ಸ್ಟಾಲಿಂಗ್ 1930ರಲ್ಲಿ ಡಿಸ್ನಿಯನ್ನು ಬಿಟ್ಟರು. 1936ರಲ್ಲಿ ವಾರ್ನರ್ ಬ್ರದರ್ಸ್ ಸೇರಿ 1958ರವರೆಗೆ ಅಲ್ಲಿಯೇ ಉಳಿದರು. ಅಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕಾರ್ಟೂನಿಗೆ ಸಂಗೀತ ಸಿದ್ಧಪಡಿಸುತ್ತಿದ್ದರು. ವಾರ್ನರ್ ಸಂಸ್ಥೆಗೆ ಸ್ವಂತ ಸಂಗೀತ ಪ್ರಕಾಶನ ಕಂಪನಿಗಳಿದ್ದುದರಿಂದ ಆ ಕಾಲದ ಜನಪ್ರಿಯ ಹಾಡುಗಳೂ ಅವರ ಕೈಗೆ ಸಿಕ್ಕವು. ಕೆಂಪು ಉಡುಪಿನ ಹೆಣ್ಣು ಕಂಡರೆ ‘ದ ಲೇಡಿ ಇನ್ ರೆಡ್’ ಹಾಡಿನ ಎರಡು ಸಾಲು, ಮರುಕ್ಷಣವೇ ರೊಸ್ಸಿನಿ, ಅದರ ಬೆನ್ನಿಗೇ ಸ್ಮೆಟಾನಾ. ಸ್ಟುಡಿಯೊದ ದೊಡ್ಡ ಚಲನಚಿತ್ರಗಳಿಗೆ ನುಡಿಸುತ್ತಿದ್ದ ಐವತ್ತು ಜನರ ಪೂರ್ಣ ವಾದ್ಯವೃಂದವೇ ಮೊಲ, ಬಾತುಕೋಳಿಗಳಿಗೂ ನುಡಿಸುತ್ತಿತ್ತು. ಈ ಚಿತ್ರಗಳ ಸಂಗೀತ ಇಂದಿಗೂ ತುಂಬುಧ್ವನಿಯಲ್ಲಿ ಕೇಳಿಸುವುದಕ್ಕೆ ಕಾರಣ ಇದೇ.

ಎಂಜಿಎಂ ಸ್ಟುಡಿಯೊದಲ್ಲಿ ಟಾಮ್ ಮತ್ತು ಜೆರ್ರಿಯ ಸಂಗೀತದ ಹೊಣೆ ಹೊತ್ತ ಸ್ಕಾಟ್ ಬ್ರಾಡ್ಲಿಯ ದಾರಿ ಬೇರೆ. ಅವರಿಗೆ ಎರವಲು ಹಾಡುಗಳು ಇಷ್ಟವಿರಲಿಲ್ಲ. ಆಧುನಿಕ ಸಂಗೀತದ ಕಸುವನ್ನೇ ಕಾರ್ಟೂನಿಗೆ ತರಬೇಕೆಂಬ ಆಸೆ. 1944ರ ‘ಪಟಿನ್ ಆನ್ ದ ಡಾಗ್’ ಚಿತ್ರದಲ್ಲಿ ಇಲಿಯೊಂದು ನಾಯಿಯ ತಲೆಯ ಕೆಳಗೆ ಅಡಗಿ ಓಡಾಡುವ ದೃಶ್ಯಕ್ಕೆ ಅವರು ಯಾವ ಸ್ವರಕ್ಕೂ ಹೆಚ್ಚಿನ ಸ್ಥಾನ ಕೊಡದ ‘ಹನ್ನೆರಡು ಸ್ವರಗಳ ಪದ್ಧತಿ’ಯನ್ನು ಬಳಸಿದರು. ಆ ಪದ್ಧತಿಯ ಜನಕ ಆರ್ನಲ್ಡ್ ಶೋನ್‌ಬರ್ಗ್ ಆಗ ಅದೇ ಲಾಸ್ ಏಂಜಲೀಸ್‌ನಲ್ಲಿ ವಾಸವಾಗಿದ್ದರು. ಸಂಗೀತ ಸಭೆಗಳಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದ ಜನ ಚಿತ್ರಮಂದಿರದಲ್ಲಿ ಅದನ್ನು ಕೇಳಿ ನಕ್ಕರು.

ಲಿಸ್ಟ್‌ನ ಪಿಯಾನೊ ಒಳಗಿನ ಇಲಿ

ಹಾಗಾದರೆ ಕಾರ್ಟೂನಿನವರೆಲ್ಲ ಲಿಸ್ಟ್‌ನ ಎರಡನೆಯ ರ್‍ಯಾಪ್ಸಡಿಯ ಹಿಂದೆಯೇ ಏಕೆ ಬಿದ್ದರು? 1941ರಲ್ಲಿ ವಾರ್ನರ್ ಸಂಸ್ಥೆಯ ನಿರ್ದೇಶಕ ಫ್ರಿಜ್ ಫ್ರೆಲೆಂಗ್ ‘ರ್‍ಯಾಪ್ಸಡಿ ಇನ್ ರಿವೆಟ್ಸ್’ ಚಿತ್ರದಲ್ಲಿ ಇದಕ್ಕೆ ಗಗನಚುಂಬಿ ಕಟ್ಟಡವನ್ನೇ ಕಟ್ಟಿಸಿದರು. ಮೇಸ್ತ್ರಿ ನಕ್ಷೆಯನ್ನು ಸ್ವರಲಿಪಿಯಂತೆ ಎದುರಿಗಿಟ್ಟುಕೊಂಡು ಕೆಲಸಗಾರರಿಗೆ ಕೈ ಬೀಸುತ್ತಾನೆ. ಉತ್ತರ ಆ ಕೃತಿಯ ಕಟ್ಟಡದಲ್ಲೇ ಇದೆ. ಲಿಸ್ಟ್ 1847ರಲ್ಲಿ ಬರೆದ ಈ ಕೃತಿಗೆ ಎರಡು ಭಾಗ. ಮೊದಲನೆಯದು ‘ಲಾಶನ್’: ವಿಳಂಬ ಗತಿ, ಭಾರವಾದ ಹೆಜ್ಜೆ, ಗತ್ತು, ನಿಟ್ಟುಸಿರು. ಎರಡನೆಯದು ‘ಫ್ರಿಶ್ಕಾ’: ಮೆಲ್ಲಗೆ ಆರಂಭವಾಗಿ, ವೇಗ ಏರುತ್ತ ಏರುತ್ತ ಕೊನೆಗೆ ಉಸಿರುಗಟ್ಟಿಸುವ ದ್ರುತ. ಕಾರ್ಟೂನಿಗೆ ಬೇಕಾದದ್ದೂ ಇದೇ ಆಕಾರ: ಮೊದಲು ಗಾಂಭೀರ್ಯ, ಆಮೇಲೆ ಕೀಟಲೆ, ಕೊನೆಗೆ ಹಾಹಾಕಾರ. ಇನ್ನೂ ಒಂದು ಅನುಕೂಲ ಲಿಸ್ಟ್ ಮಾಡಿಕೊಟ್ಟಿದ್ದಾರೆ. ಮುಕ್ತಾಯಕ್ಕೆ ಮುಂಚೆ, ವಾದಕ ತನ್ನ ಮನೋಧರ್ಮದಂತೆ ಏನಾದರೂ ಸೇರಿಸಿಕೊಳ್ಳಲಿ ಎಂದು ಜಾಗ ಬಿಟ್ಟಿದ್ದಾರೆ.

‘ದಿ ಕ್ಯಾಟ್ ಕನ್ಸರ್ಟೊ’ವನ್ನು ಹತ್ತಿರದಿಂದ ನೋಡಿ. ನಿರ್ದೇಶಕರಾದ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಟಾಮ್‌ನ ಕೈಗಳನ್ನು ಸುಮ್ಮನೆ ಮೇಲೆ ಕೆಳಗೆ ಆಡಿಸಿಲ್ಲ. ಮಂದ್ರ ಸ್ವರ ಕೇಳಿದಾಗ ಕೈ ಎಡಕ್ಕೇ ಇದೆ, ತಾರಸ್ಥಾಯಿಗೆ ಏರಿದಾಗ ಬಲಕ್ಕೇ ಸರಿಯುತ್ತದೆ. ಎರಡು ಪಕ್ಕದ ಸ್ವರಗಳು ಬೇಗ ಬೇಗ ಕಂಪಿಸಿದಾಗ ಎರಡು ಬೆರಳುಗಳು ಕಂಪಿಸುತ್ತವೆ. ಈ ನಿಷ್ಠೆಯ ಮೇಲೆಯೇ ಹಾಸ್ಯ ನಿಂತಿದೆ. ಪಿಯಾನೊದ ಬಲತುದಿಯಲ್ಲಿ ಜೆರ್ರಿ ಕತ್ತರಿ ಹಿಡಿದು ಕಾಯುತ್ತಾನೆ. ಸಂಗೀತ ತುತ್ತತುದಿಯ ಸ್ವರವನ್ನು ಮುಟ್ಟಿದಾಗಲೆಲ್ಲ ಟಾಮ್‌ನ ಬೆರಳು ಅಲ್ಲಿಗೆ ಬರಲೇಬೇಕು. ಕತ್ತರಿ ಗುರಿ ತಪ್ಪಿದಾಗ ಜೆರ್ರಿ ಒಂದೆರಡು ಕೀಲಿಗಳನ್ನು ತೆಗೆದು ಆ ಜಾಗದಲ್ಲಿ ಇಲಿಬೋನು ಇಡುತ್ತಾನೆ. ಬೆರಳು ಬೋನಿನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬೀಳುತ್ತ, ಅದನ್ನು ಮಾತ್ರ ತಪ್ಪಿಸಿಕೊಳ್ಳುತ್ತದೆ. ನಮ್ಮ ಕಣ್ಣು ಬೋನಿನ ಮೇಲೆ, ಕಿವಿ ಮುಂದಿನ ಸ್ವರದ ಮೇಲೆ. ಬೆರಳು ಸಿಕ್ಕಿಕೊಳ್ಳುವ ಕ್ಷಣವನ್ನು ನಿರ್ಧರಿಸುವುದು ಜೆರ್ರಿಯಲ್ಲ, ಲಿಸ್ಟ್. ಹೊಡೆತ ತಿಂದರೂ ಟಾಮ್ ನುಡಿಸುವುದನ್ನು ನಿಲ್ಲಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬೆರಳುಗಳ ಮೇಲೆ ಮುಚ್ಚಳ ಬಿದ್ದರೂ, ಕಾಲಿನಲ್ಲಿ ನುಡಿಸಬೇಕಾಗಿ ಬಂದರೂ, ಕಛೇರಿ ಮುಗಿಸುವವರೆಗೆ ಅವನು ಕಲಾವಿದ. ಅವನು ಸಿಟ್ಟಿಗೆದ್ದು ಎದ್ದು ಓಡಿದ್ದರೆ ಇದು ಸಾಮಾನ್ಯ ಬೆಕ್ಕು-ಇಲಿ ಜಗಳವಾಗುತ್ತಿತ್ತು. ಕೂತಲ್ಲೇ ಕೂತು ಸಂಗೀತವನ್ನು ಕಾಪಾಡಿಕೊಳ್ಳುವ ಅವನ ಛಲವೇ ನಮ್ಮನ್ನು ನಗಿಸುತ್ತದೆ, ಮತ್ತು ನನ್ನನ್ನಂತೂ ಪ್ರತಿ ಸಲ ಅವನ ಪಕ್ಷಕ್ಕೆ ಎಳೆಯುತ್ತದೆ.

ಹೆಚ್ಚುಕಡಿಮೆ ಇದೇ ಸಮಯಕ್ಕೆ, 1946ರ ನವೆಂಬರ್‌ನಲ್ಲಿ, ವಾರ್ನರ್‌ನಿಂದ ಫ್ರೆಲೆಂಗ್‌ರ ‘ರ್‍ಯಾಪ್ಸಡಿ ರ್‍ಯಾಬಿಟ್’ ಬಂದಿತ್ತು. ಅದೇ ಕೃತಿ, ಅದೇ ಕೋಟು, ಪಿಯಾನೊದಲ್ಲಿ ಅದೇ ರೀತಿಯ ಇಲಿ. ನುಡಿಸುವವನು ಮಾತ್ರ ಬಗ್ಸ್ ಬನ್ನಿ ಎಂಬ ಮೊಲ. ಎರಡೂ ಸ್ಟುಡಿಯೊಗಳು ಒಂದನ್ನೊಂದು ಕಳ್ಳ ಎಂದವು. ಆಸ್ಕರ್ ಮಾತ್ರ ಟಾಮ್‌ಗೆ ಬಂತು. ಯಾರು ಯಾರಿಂದ ಕದ್ದರು ಎಂಬ ಚರ್ಚೆಗಿಂತ ನನಗೆ ಮುಖ್ಯವೆನಿಸುವುದು ಬಗ್ಸ್‌ನ ಕೈಗಳ ಹಿಂದೆ ಇದ್ದ ನಿಜವಾದ ಕೈಗಳು. ಅಲ್ಲಿ ಪಿಯಾನೊ ನುಡಿಸಿದವರು ಯಾಕೋಬ್ ಗಿಂಪೆಲ್; ಯುರೋಪಿನ ಲ್ವೂಫ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ, ಸಭೆಗಳಲ್ಲಿ ಹೆಸರಾದ ಪಿಯಾನೊ ವಾದಕ. ಸ್ಟ್ರಾಸ್‌ನ ವಾಲ್ಟ್ಸ್‌ಗಳನ್ನು ಬಳಸಿಕೊಂಡ ಟಾಮ್ ಮತ್ತು ಜೆರ್ರಿಯ ‘ಯೋಹಾನ್ ಮೌಸ್’ ಚಿತ್ರಕ್ಕೂ ನುಡಿಸಿದವರು ಅವರೇ. ಅದಕ್ಕೂ ಆಸ್ಕರ್ ಬಂತು. ತಮಾಷೆಯ ಚಿತ್ರವೆಂದು ಅರೆಬರೆ ನುಡಿಸಿದ್ದರೆ ಇಡೀ ಆಟ ಕುಸಿಯುತ್ತಿತ್ತು.

‘ರ್‍ಯಾಪ್ಸಡಿ ರ್‍ಯಾಬಿಟ್’ನ ಆರಂಭದಲ್ಲಿ, ಸಭೆಯಲ್ಲಿ ಪದೇ ಪದೇ ಕೆಮ್ಮುವವನೊಬ್ಬನಿಗೆ ಬಗ್ಸ್ ಬಂದೂಕು ತೆಗೆದು ಗುಂಡು ಹೊಡೆಯುತ್ತಾನೆ. ಈ ಕಾರ್ಟೂನುಗಳು ಯಾವುದನ್ನು ಗೇಲಿ ಮಾಡುತ್ತವೆ ಎಂಬುದಕ್ಕೆ ಈ ದೃಶ್ಯ ಒಳ್ಳೆಯ ಸಾಕ್ಷಿ. ಅವು ಗೇಲಿ ಮಾಡಿದ್ದು ಸಭೆಯ ಶಿಷ್ಟಾಚಾರವನ್ನು, ಕಲಾವಿದನ ಜಂಬವನ್ನು, ಕೋಟಿನ ಬಾಲವನ್ನು. ಸಂಗೀತವನ್ನು ಮುಟ್ಟಲಿಲ್ಲ.

ಕ್ಷೌರದ ಕುರ್ಚಿ ಏರಿದಷ್ಟು ಎತ್ತರಕ್ಕೆ

ನನ್ನ ಮಟ್ಟಿಗೆ ಈ ಪರಂಪರೆಯ ಶಿಖರ 1950ರ ‘ರ್‍ಯಾಬಿಟ್ ಆಫ್ ಸೆವಿಲ್’. ನಿರ್ದೇಶಕ ಚಕ್ ಜೋನ್ಸ್, ಕಥೆ ಮೈಕೆಲ್ ಮಾಲ್ಟೀಸ್, ಸಂಗೀತದ ಹೊಣೆ ಸ್ಟಾಲಿಂಗ್. ಬಂದೂಕುಧಾರಿ ಎಲ್ಮರ್ ಫಡ್ ಬಗ್ಸ್ ಬನ್ನಿಯನ್ನು ಅಟ್ಟಿಸಿಕೊಂಡು ಒಪೆರಾ ರಂಗಮಂದಿರದ ಹಿಂಬಾಗಿಲಿನಿಂದ ಒಳಗೆ ನುಗ್ಗುತ್ತಾನೆ, ಪರದೆ ಮೇಲೇಳುತ್ತದೆ, ವಾದ್ಯವೃಂದ ರೊಸ್ಸಿನಿಯ ‘ಬಾರ್ಬರ್ ಆಫ್ ಸೆವಿಲ್’ ಓವರ್ಚರ್ ಆರಂಭಿಸುತ್ತದೆ. ಇನ್ನು ಇಬ್ಬರಿಗೂ ಬೇರೆ ದಾರಿಯಿಲ್ಲ, ರಂಗದ ಮೇಲೆ ನಿಂತ ಮೇಲೆ ಸಂಗೀತ ಹೇಳಿದಂತೆ ಕೇಳಬೇಕು. ಬಗ್ಸ್ ಕ್ಷೌರಿಕನಾಗುತ್ತಾನೆ.

ಪಿಟೀಲುಗಳು ಪುಟ್ಟ ಪುಟ್ಟ ಸ್ವರಗಳನ್ನು ಚಕಚಕನೆ ಉದುರಿಸುವಾಗ ಬಗ್ಸ್‌ನ ಬೆರಳುಗಳು ಎಲ್ಮರ್‌ನ ಬೋಳುತಲೆಯ ಮೇಲೆ ಅಷ್ಟೇ ಸ್ಪಷ್ಟವಾಗಿ ಬೀಳುತ್ತವೆ. ಮುಂದೆ ಕೈ ಸಾಲದೆ ಕಾಲುಗಳೂ ಸೇರುತ್ತವೆ. ಒಂದು ಘಟ್ಟದಲ್ಲಿ ಇಬ್ಬರೂ ಒಂದೊಂದು ಕ್ಷೌರದ ಕುರ್ಚಿಯ ಮೇಲೆ ಕೂತು, ಅದರ ಹಿಡಿಕೆ ಒತ್ತುತ್ತ ಒತ್ತುತ್ತ ರಂಗದ ಚಾವಣಿಯವರೆಗೆ ಏರಿಹೋಗುತ್ತಾರೆ.

ಇದರ ಸೊಗಸು ತಿಳಿಯಬೇಕಾದರೆ ರೊಸ್ಸಿನಿಯ ಒಂದು ಪ್ರಸಿದ್ಧ ಕೌಶಲ ಗೊತ್ತಿರಬೇಕು. ಚಿಕ್ಕದೊಂದು ಸಂಗೀತವಾಕ್ಯವನ್ನು ಪಿಸುಮಾತಿನಷ್ಟು ಮೆತ್ತಗೆ ಆರಂಭಿಸುವುದು, ಅದನ್ನೇ ಮರಳಿ ಮರಳಿ ನುಡಿಸುವುದು, ಪ್ರತಿ ಸಲ ಒಂದೆರಡು ವಾದ್ಯ ಸೇರಿಸುವುದು, ಕೊನೆಗೆ ಇಡೀ ವಾದ್ಯವೃಂದ ಅಬ್ಬರಿಸುವುದು. ಸ್ವರ ಬದಲಾಗುವುದಿಲ್ಲ, ಗಾತ್ರ ಬದಲಾಗುತ್ತದೆ. ಜೋನ್ಸ್ ಇದನ್ನು ಕಣ್ಣಿಗೆ ಅನುವಾದಿಸಿದರು: ಒಂದೇ ಕ್ರಿಯೆ, ಪ್ರತಿ ಸಲ ಇನ್ನಷ್ಟು ದೊಡ್ಡದು. ಕೊನೆಯ ಜಗಳ ನೋಡಿ. ಒಬ್ಬ ಕೊಡಲಿ ತಂದರೆ ಇನ್ನೊಬ್ಬ ದೊಡ್ಡ ಕೊಡಲಿ, ಒಬ್ಬ ಬಂದೂಕು ತಂದರೆ ಇನ್ನೊಬ್ಬ ದೊಡ್ಡ ಬಂದೂಕು, ಆಮೇಲೆ ಫಿರಂಗಿ, ಅದಕ್ಕಿಂತ ದೊಡ್ಡ ಫಿರಂಗಿ. ಇನ್ನು ದೊಡ್ಡದು ಏನಿದೆ ಎನ್ನುವಷ್ಟರಲ್ಲಿ ಬಗ್ಸ್ ಹೂಗುಚ್ಛ ಹಿಡಿದು ಬರುತ್ತಾನೆ, ಚಾಕಲೇಟ್ ತರುತ್ತಾನೆ, ಉಂಗುರ ತೊಡಿಸುತ್ತಾನೆ. ಸಂಗೀತ ನಿಲ್ಲದೆ ಓಡುತ್ತಿರುವುದರಿಂದ ಎಲ್ಮರ್‌ಗೆ ಯೋಚಿಸಲು ಸಮಯವಿಲ್ಲ. ಅವನು ಮದುವಣಗಿತ್ತಿಯ ಉಡುಪಿನಲ್ಲಿ ಪ್ರತ್ಯಕ್ಷನಾಗುತ್ತಾನೆ. ಅವನನ್ನು ಎತ್ತಿಕೊಂಡು ಮೆಟ್ಟಿಲೇರಿದ ಬಗ್ಸ್ ಮೇಲಿನಿಂದ ‘ಮ್ಯಾರೇಜ್ ಆಫ್ ಫಿಗರೊ’ ಎಂದು ಬರೆದ ಕೇಕಿನೊಳಕ್ಕೆ ಬಿಡುತ್ತಾನೆ. ಅದು ರೊಸ್ಸಿನಿಯ ಒಪೆರಾದ ಕಥೆಯ ಮುಂದಿನ ಭಾಗ, ಮೊಟ್ಸಾರ್ಟ್‌ನ ಒಪೆರಾ. ಗೊತ್ತಿದ್ದವರಿಗೆ ಇನ್ನೊಂದು ನಗು, ಗೊತ್ತಿಲ್ಲದವರಿಗೂ ಏನೂ ನಷ್ಟವಿಲ್ಲ.

ರೊಸ್ಸಿನಿ ಈ ಓವರ್ಚರ್ ಅನ್ನು ಸೆವಿಲ್‌ನ ಕ್ಷೌರಿಕನಿಗಾಗಿ ಬರೆದದ್ದೇ ಅಲ್ಲ ಎಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. 1813ರಲ್ಲಿ ರೋಮನ್ ಚಕ್ರವರ್ತಿಯೊಬ್ಬನ ಗಂಭೀರ ಕಥೆಗೆಂದು ಬರೆದರು, 1815ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಕಥೆಗೆ ಹೊಂದಿಸಿದರು, 1816ರಲ್ಲಿ ಸಮಯ ಸಾಲದೆ ಕ್ಷೌರಿಕನ ಹಾಸ್ಯಕ್ಕೂ ಅದನ್ನೇ ಇಟ್ಟರು. ಚಕ್ರವರ್ತಿ, ರಾಣಿ, ಕ್ಷೌರಿಕ ಮೂವರಿಗೂ ಒಗ್ಗಿದ ಸಂಗೀತ ಮೊಲಕ್ಕೆ ಒಗ್ಗದೇ ಇರುತ್ತದೆಯೇ? ಶಾಸ್ತ್ರೀಯ ಕೃತಿಯನ್ನು ಕಾರ್ಟೂನಿಗೆ ಬಳಸಿ ಅಪಚಾರ ಮಾಡಿದರು ಎನ್ನುವವರು ರೊಸ್ಸಿನಿಯನ್ನೇ ಮೊದಲು ಕೇಳಬೇಕು.

ಡಿಸ್ನಿಯ ಎರಡು ದಾರಿ

ಡಿಸ್ನಿ ಸಂಸ್ಥೆ 1935ರಲ್ಲಿ ‘ದ ಬ್ಯಾಂಡ್ ಕನ್ಸರ್ಟ್’ ಮಾಡಿತು. ಮಿಕ್ಕಿ ಬಣ್ಣದಲ್ಲಿ ತೆರೆಗೆ ಬಂದ ಮೊದಲ ಚಿತ್ರವಿದು. ಮಿಕ್ಕಿಯ ತಂಡ ‘ವಿಲಿಯಂ ಟೆಲ್’ ನುಡಿಸುತ್ತಿದೆ, ಡೊನಾಲ್ಡ್ ಡಕ್ ನಡುವೆ ಬಂದು ಕೊಳಲಿನಲ್ಲಿ ಜಾನಪದ ಮಟ್ಟೊಂದನ್ನು ಊದಿ ಎಲ್ಲರನ್ನೂ ದಾರಿತಪ್ಪಿಸುತ್ತಾನೆ. ಬಿರುಗಾಳಿಯ ಭಾಗ ಬಂದಾಗ ನಿಜವಾದ ಸುಂಟರಗಾಳಿಯೇ ಎದ್ದು ಇಡೀ ತಂಡವನ್ನು ಆಕಾಶಕ್ಕೆ ಒಯ್ಯುತ್ತದೆ. ಅಲ್ಲಿ ತಿರುಗುತ್ತಲೂ ಅವರು ನುಡಿಸುವುದನ್ನು ಬಿಡುವುದಿಲ್ಲ.

ಐದು ವರ್ಷದ ನಂತರ ಅದೇ ಸಂಸ್ಥೆ ದೊಡ್ಡ ಸಾಹಸಕ್ಕೆ ಕೈಹಾಕಿತು. ದ್ಯುಕಾನ ‘ಮಾಂತ್ರಿಕನ ಶಿಷ್ಯ’ ಕೃತಿಗೆ ಮಿಕ್ಕಿಯನ್ನಿಟ್ಟು ಒಂದು ಕಿರುಚಿತ್ರ ಮಾಡಹೊರಟಾಗ ಖರ್ಚು ಎಷ್ಟು ಬೆಳೆಯಿತೆಂದರೆ, ಅದನ್ನು ಪೂರ್ಣಾವಧಿ ಚಿತ್ರದ ಭಾಗವಾಗಿಸುವುದೇ ವಾಸಿ ಎನಿಸಿತು. ಹೀಗೆ ಹುಟ್ಟಿದ್ದು 1940ರ ‘ಫ್ಯಾಂಟೇಸಿಯ’. ಲಿಯೊಪೊಲ್ಡ್ ಸ್ಟೊಕೊವ್ಸ್ಕಿಯ ವಾದ್ಯವೃಂದ ನಿರ್ದೇಶನದಲ್ಲಿ ಬಾಖ್, ಬೇಥೋವನ್, ಚೈಕೊವ್ಸ್ಕಿ, ಮುಸೋರ್ಗ್‌ಸ್ಕಿ, ಜೊತೆಗೆ ಸ್ಟ್ರಾವಿನ್‌ಸ್ಕಿ. ಇವರಲ್ಲಿ ಆಗ ಬದುಕಿದ್ದವರು ಸ್ಟ್ರಾವಿನ್‌ಸ್ಕಿ ಒಬ್ಬರೇ; ತಮ್ಮ ಕೃತಿಯನ್ನು ಕತ್ತರಿಸಿ ಡೈನೋಸಾರ್‌ಗಳಿಗೆ ಹೊಂದಿಸಿದ್ದನ್ನು ಅವರು ಮುಂದೆ ಕಟುವಾಗಿ ಟೀಕಿಸಿದರು. ಆ ಚಿತ್ರದ ಚೆಲುವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅದರ ಕೆಲವು ಭಾಗಗಳಲ್ಲಿ ಸಂಗೀತದ ಮುಂದೆ ಕೈಕಟ್ಟಿ ನಿಂತ ಭಯಭಕ್ತಿ ಕಾಣುತ್ತದೆ. 1943ರಲ್ಲಿ ವಾರ್ನರ್‌ನ ಬಾಬ್ ಕ್ಲ್ಯಾಂಪೆಟ್ ‘ಎ ಕಾರ್ನಿ ಕನ್ಸರ್ಟೊ’ ಮಾಡಿ, ಅಸ್ತವ್ಯಸ್ತ ಉಡುಪಿನ ಎಲ್ಮರ್ ಫಡ್‌ನನ್ನೇ ನಿರೂಪಕನಾಗಿ ನಿಲ್ಲಿಸಿ ಆ ಗಾಂಭೀರ್ಯವನ್ನು ಅಣಕಿಸಿದರು. ಯೋಹಾನ್ ಸ್ಟ್ರಾಸ್‌ನ ವಾಲ್ಟ್ಸ್‌ಗಳು ಅದರಲ್ಲಿ ಎಷ್ಟು ಹಗುರವಾಗಿ ತೇಲುತ್ತವೆಂದರೆ, ಭಕ್ತಿಗಿಂತ ಸಲಿಗೆಯೇ ಸಂಗೀತಕ್ಕೆ ಹೆಚ್ಚು ಹತ್ತಿರ ಎಂದು ನನಗನ್ನಿಸುತ್ತದೆ.

ಸಲಿಗೆಗೂ ಒಂದು ಕರಾಳ ಮುಖವಿತ್ತು. ಚಕ್ ಜೋನ್ಸ್‌ರ ‘ಇಂಕಿ’ ಸರಣಿಯಲ್ಲಿ ಮೈನಾ ಹಕ್ಕಿಯೊಂದು ಮೆಂಡೆಲ್‌ಸನ್‌ನ ‘ಹೆಬ್ರಿಡೀಸ್’ ಓವರ್ಚರ್‌ಗೆ ಹೆಜ್ಜೆ ಹಾಕುತ್ತ, ಪ್ರತಿ ಸಾಲಿನ ಕೊನೆಗೆ ಒಮ್ಮೆ ಕುಪ್ಪಳಿಸುತ್ತದೆ. ಲಯದ ದೃಷ್ಟಿಯಿಂದ ಅದು ಅಪೂರ್ವ. ಆದರೆ ಅದೇ ಚಿತ್ರಗಳ ನಾಯಕ ಇಂಕಿ, ಆಫ್ರಿಕಾದ ಮಗುವನ್ನು ಜನಾಂಗೀಯ ತಿರಸ್ಕಾರದಿಂದ ವಿಕಾರಗೊಳಿಸಿ ಬರೆದ ಚಿತ್ರ. ಸಂಗೀತದ ಚೆಲುವು ಆ ಕೇಡನ್ನು ಮುಚ್ಚುವುದಿಲ್ಲ.

ಆರೂಚಿಲ್ಲರೆ ನಿಮಿಷದ ವಾಗ್ನರ್

ವಾಗ್ನರ್‌ನ ‘ರಿಂಗ್’ ನಾಲ್ಕು ರಾತ್ರಿ, ಸುಮಾರು ಹದಿನೈದು ಗಂಟೆ ಹಾಡಿ ಮುಗಿಸಬೇಕಾದ ಒಪೆರಾ ಸಮೂಹ. 1957ರಲ್ಲಿ ಜೋನ್ಸ್ ಮತ್ತು ಮಾಲ್ಟೀಸ್ ಅದರ ಜೊತೆಗೆ ‘ಟಾನ್‌ಹೊಯ್ಸರ್’, ‘ಫ್ಲೈಯಿಂಗ್ ಡಚ್‌ಮನ್’ಗಳನ್ನೂ ಸೇರಿಸಿ ಏಳು ನಿಮಿಷದೊಳಗೆ ತಂದರು: ‘ವಾಟ್ಸ್ ಆಪೆರಾ, ಡಾಕ್?’ ಸಂಗೀತ ನಿರ್ವಹಿಸಿದವರು ಸ್ಟಾಲಿಂಗ್‌ರ ಬಹುಕಾಲದ ಜೊತೆಗಾರ ಮಿಲ್ಟ್ ಫ್ರ್ಯಾಂಕ್ಲಿನ್. ಇಷ್ಟು ವೈಭವದ ಚಿತ್ರಕ್ಕೆ ಸ್ಟುಡಿಯೊ ಕೊಡುತ್ತಿದ್ದ ವಾರಗಳು ಸಾಲುತ್ತಿರಲಿಲ್ಲ. ಜೋನ್ಸ್ ತಂಡ ಸರಳವಾದ ರೋಡ್ ರನ್ನರ್ ಚಿತ್ರವೊಂದರ ಲೆಕ್ಕದಲ್ಲಿ ಸಮಯ ಉಳಿಸಿ ಅದನ್ನು ಇದಕ್ಕೆ ಸುರಿಯಿತು.

ಬಳಸಿದ ರೀತಿ ನೋಡಿ. ವಾಗ್ನರ್ ಪ್ರತಿ ಪಾತ್ರಕ್ಕೂ ಒಂದೊಂದು ಪುಟ್ಟ ಸಂಗೀತವಾಕ್ಯ ಕೊಟ್ಟು, ಪಾತ್ರ ಬಂದಾಗಲೆಲ್ಲ ಅದನ್ನು ಕೇಳಿಸುತ್ತಾರೆ. ಎಲ್ಮರ್ ಇಲ್ಲಿ ವೀರ ಸೀಗ್‌ಫ್ರೀಡ್. ಅವನನ್ನು ಬಗ್ಸ್ ತನ್ನ ಎಂದಿನ ‘ವಾಟ್ಸ್ ಅಪ್, ಡಾಕ್?’ ಎಂಬ ಪ್ರಶ್ನೆಯಿಂದ ಮಾತಾಡಿಸುವಾಗ ಆ ಪ್ರಶ್ನೆ ಸೀಗ್‌ಫ್ರೀಡ್‌ನ ಕಹಳೆಯ ಸ್ವರದಲ್ಲೇ ಹಾಡಾಗುತ್ತದೆ. ಮೊಲವನ್ನು ಕೊಲ್ಲುವ ಎಲ್ಮರ್‌ನ ಘೋಷಣೆಗೆ ‘ರಿಂಗ್’ನ ಯುದ್ಧಕನ್ಯೆಯರಾದ ವಾಲ್ಕೀರಿಗಳ ಸವಾರಿಯ ಪ್ರಸಿದ್ಧ ಸ್ವರಗಳು ಅಕ್ಷರಕ್ಕಕ್ಷರ ಕೂಡುತ್ತವೆ. ಬ್ರುನ್‌ಹಿಲ್ಡೆಯ ವೇಷ ತೊಟ್ಟ ಬಗ್ಸ್ ದಪ್ಪನೆಯ ಬಿಳಿ ಕುದುರೆಯ ಮೇಲೆ ಇಳಿದು ಬರುವಾಗ, ಇಬ್ಬರ ಪ್ರೇಮಗೀತೆ ‘ಟಾನ್‌ಹೊಯ್ಸರ್’ನ ಯಾತ್ರಿಕರ ಹಾಡಿನ ಮಟ್ಟಿನಲ್ಲಿದೆ. ಮಾರಿಸ್ ನೋಬಲ್ ರಚಿಸಿದ ಕಡುಕೆಂಪು, ನೇರಳೆಯ ಬೃಹತ್ ಹಿನ್ನೆಲೆಗಳ ಮುಂದೆ ಇಬ್ಬರೂ ಚುಕ್ಕಿಗಳಂತೆ ಕಾಣುತ್ತಾರೆ. ವಾಗ್ನರ್‌ನ ಸಂಗೀತದ ಅಗಾಧತೆಗೆ ಅದೇ ಸರಿ. ಕೊನೆಯಲ್ಲಿ ಎಲ್ಮರ್ ನಿಜವಾಗಿಯೂ ಮೊಲವನ್ನು ಕೊಂದು, ಆ ಪುಟ್ಟ ದೇಹವನ್ನೆತ್ತಿಕೊಂಡು ಅಳುತ್ತ ನಡೆಯುವಾಗ ಸಂಗೀತ ಒಂದಿಷ್ಟೂ ನಗುವುದಿಲ್ಲ. 1992ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಅದು ಒಂದು ಯುಗದ ಕೊನೆಯೂ ಹೌದು. ಅದೇ 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಮರುವರ್ಷ ಸ್ಟಾಲಿಂಗ್ ನಿವೃತ್ತರಾದರು. 1962ರಲ್ಲಿ ಫ್ರ್ಯಾಂಕ್ಲಿನ್ ತೀರಿಕೊಂಡರು, 1963ರಲ್ಲಿ ವಾರ್ನರ್ ಕಾರ್ಟೂನ್ ಸ್ಟುಡಿಯೊ ಬಾಗಿಲು ಹಾಕಿತು. ಟಿವಿಗೆಂದು ಅಗ್ಗವಾಗಿ ತಯಾರಾದ ಕಾರ್ಟೂನುಗಳಿಗೆ ಐವತ್ತು ವಾದಕರನ್ನು ಸಾಕುವ ಶಕ್ತಿ ಇರಲಿಲ್ಲ. ಮೊದಲೇ ಮುದ್ರಿಸಿಟ್ಟ ಸಿದ್ಧ ಸಂಗೀತದ ತುಣುಕುಗಳನ್ನೇ ಅಲ್ಲಲ್ಲಿ ಅಂಟಿಸಲಾಯಿತು. ಅಲ್ಲಿಗೆ ಸಂಗೀತ ಮತ್ತೆ ಹಿನ್ನೆಲೆಗೆ ಸರಿಯಿತು.

ಹಳೆಯವು ಮಾತ್ರ ಟಿವಿಯ ಮೂಲಕ ಊರೂರು ಸುತ್ತಿದವು. ಚೀನಾದ ಶೆನ್‌ಯಾಂಗ್‌ನಲ್ಲಿ 1982ರಲ್ಲಿ ಹುಟ್ಟಿದ, ಇಂದು ಜಗತ್ತಿನ ಅತಿ ಪ್ರಸಿದ್ಧ ಪಿಯಾನೊ ವಾದಕರಲ್ಲಿ ಒಬ್ಬರಾದ ಲಾಂಗ್ ಲಾಂಗ್, ಎಳೆಯ ವಯಸ್ಸಿನಲ್ಲಿ ಟಿವಿಯಲ್ಲಿ ನೋಡಿದ ‘ದಿ ಕ್ಯಾಟ್ ಕನ್ಸರ್ಟೊ’ವೇ ತಮ್ಮನ್ನು ಪಿಯಾನೊದತ್ತ ಎಳೆದದ್ದು ಎಂದು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. 1990ರಲ್ಲಿ ಜಾರ್ಜ್ ಡಾಘರ್ಟಿ ಎಂಬ ಸಂಗೀತ ನಿರ್ದೇಶಕ ‘ಬಗ್ಸ್ ಬನ್ನಿ ಆನ್ ಬ್ರಾಡ್‌ವೇ’ ಎಂಬ ಕಾರ್ಯಕ್ರಮ ಆರಂಭಿಸಿದರು. ಪರದೆಯ ಮೇಲೆ ಹಳೆಯ ಕಾರ್ಟೂನು, ಕೆಳಗೆ ಅದಕ್ಕೆ ಪ್ರತ್ಯಕ್ಷವಾಗಿ ನುಡಿಸುವ ಪೂರ್ಣ ವಾದ್ಯವೃಂದ. ಹೆಸರಾಂತ ಸಿಂಫನಿ ತಂಡಗಳು ಇದನ್ನು ತಮ್ಮ ಸಭಾಂಗಣಗಳಲ್ಲಿ ನುಡಿಸಿವೆ. ರೊಸ್ಸಿನಿಯನ್ನು ನೂರಾರು ಸಲ ನುಡಿಸಿದ ವಾದಕರಿಗೂ ಇದು ಸುಲಭದ ಕೆಲಸವಲ್ಲ. ಸಭೆಯಲ್ಲಾದರೆ ನಿರ್ದೇಶಕ ಒಂದು ಸ್ವರವನ್ನು ಕೊಂಚ ಎಳೆಯಬಹುದು, ಉಸಿರು ತೆಗೆದುಕೊಳ್ಳಬಹುದು, ವಾದ್ಯವೃಂದ ಅವನಿಗಾಗಿ ಕಾಯುತ್ತದೆ. ಇಲ್ಲಿ ರೀಲು ಯಾರಿಗೂ ಕಾಯುವುದಿಲ್ಲ. ಅರ್ಧ ಸೆಕೆಂಡು ತಡವಾದರೆ ಹನ್ನೆರಡು ಫ್ರೇಮುಗಳು ಕಳೆದುಹೋಗಿರುತ್ತವೆ, ಬಗ್ಸ್‌ನ ಬೆರಳು ಎಲ್ಮರ್‌ನ ತಲೆ ಬಿಟ್ಟು ಎಷ್ಟೋ ಮುಂದೆ ಹೋಗಿರುತ್ತದೆ.